ಕೂಗಿದ್ದು ಯಾರನ್ನು?

ಹೊನ್ನಾಳಿ
14-6-2024

ಓಬಣ್ಣನವರಿಗೆ,

ನಾನು ಸುನೀತಾ, ಮುತ್ತುರಾಜನ ಅಕ್ಕ. ಅವನನ್ನು ಮಣ್ಣು ಮಾಡಿದ ದಿನ ನಮ್ಮಮ್ಮನನ್ನು ಹಿಡಿದುಕೊಂಡು ನಿಂತಿದ್ದೆನಲ್ಲ, ಅವಳೇ. ಎಷ್ಟು ಸಲ ಫೋನ್ ಮಾಡಿದರೂ ನೀವು ಕಟ್ ಮಾಡುತ್ತೀರಿ. ಮಾಡಿಕೊಳ್ಳಿ. ಕಾಗದವನ್ನಂತೂ ಕಟ್ ಮಾಡಲಿಕ್ಕೆ ಬರುವುದಿಲ್ಲ. ಸೊಕ್ಕೆಯಲ್ಲಿ ಈರುಳ್ಳಿ ಓಬಣ್ಣ ಅಂದರೆ ಪೋಸ್ಟಿನವರಿಗೆ ಗೊತ್ತಾಗುತ್ತದೆ ಎಂದು ಮುತ್ತು ಹೇಳುತ್ತಿದ್ದ, ಅದನ್ನೇ ನಂಬಿ ಬರೆಯುತ್ತಿದ್ದೇನೆ.

ನಿನ್ನೆ ಗುರುವಾರ ನಿಮ್ಮ ಗಾಡಿ ನಮ್ಮ ಬೀದಿಗೆ ಬಂತು. ಮೈಕಿನಲ್ಲಿ ನನ್ನ ತಮ್ಮನ ಧ್ವನಿ. ಅವನು ಹೋಗಿ ಮೂರು ತಿಂಗಳಾಯಿತು, ಅವನ ಧ್ವನಿ ಮಾತ್ರ ಈರುಳ್ಳಿ ಮಾರಿಕೊಂಡು ಬೀದಿ ಸುತ್ತುತ್ತಿದೆ. ನಾನು ಯಾರದೋ ರೇಷ್ಮೆ ಕುಪ್ಪಸದ ಬಟ್ಟೆ ಕತ್ತರಿಸುತ್ತಿದ್ದೆ. ಕತ್ತರಿ ಎಲ್ಲೆಲ್ಲೋ ಓಡಿ ಬಟ್ಟೆ ಹಾಳಾಯಿತು. ಎದುರು ಮನೆಯವರು ಹೊರಗೆ ಬಂದು ಮೊದಲು ಗಾಡಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಪಾಪ, ಹಂಗ್ ಮಾಡ್ಕೊಂಡ್ನಲ್ಲ, ಅವ್ನೇ ಕಣ್ರೀ" ಅಂದರು. ಈ ಊರಿನಲ್ಲಿ ಯಾರ ಬಾಯಲ್ಲೂ ಸತ್ತ ಅನ್ನುವ ಮಾತೇ ಬರುವುದಿಲ್ಲ. ಮಾಡ್ಕೊಂಡ ಅಂತೆ. ಏನು ಮಾಡಿಕೊಂಡ, ಮದುವೆಯಾ?

ನನ್ನ ಮಕ್ಕಳು ಹೆದರಿಕೊಳ್ಳುತ್ತವೆ. ಅದಕ್ಕೇ ಹೇಳುತ್ತಿದ್ದೇನೆ, ಬೇರೆ ಏನೂ ಇಲ್ಲ. ಆ ರೆಕಾರ್ಡನ್ನು ಅಳಿಸಿಬಿಡಿ.

ಸುನೀತಾ


ಸೊಕ್ಕೆ
25-6-2024

ಸುನಿತಕ್ಕನವರಿಗೆ ಓಬಣ್ಣ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ತಪ್ಪಾಯಿತು ಅಕ್ಕಾ. ಅದು ನಿಮ್ಮ ಬೀದಿ ಎಂದು ಗೊತ್ತಿತ್ತು, ತಿರುವಿನಲ್ಲೇ ಮೈಕ್ ಆಫ್ ಮಾಡಬೇಕಿತ್ತು. ಯಾರೋ ಗಿರಾಕಿ ಕೈ ಅಡ್ಡ ಹಾಕಿದರು, ಮರೆತುಬಿಟ್ಟೆ. ಫೋನ್ ಎತ್ತದೆ ಇದ್ದದ್ದು ಕೊಬ್ಬಿನಿಂದ ಅಲ್ಲ. ಮೊದಲ ಸಲ ಎತ್ತಿದಾಗ ನೀವು "ಹಲೋ, ಯಾರು?" ಅಂದಿರಿ. ಮುತ್ತು ಅನ್ನುವ ಹಾಗೇ ಕೇಳಿಸಿತು. ಆಮೇಲೆ ಎತ್ತುವ ಧೈರ್ಯವೇ ಬರಲಿಲ್ಲ.

ನನಗೆ ಕೂಗಲಿಕ್ಕೆ ಬರುವುದಿಲ್ಲ. ಅದು ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮದು ಬೆಳೆಯುವವರ ಮನೆ, ಮಾರುವವರ ಮನೆಯಲ್ಲ. ಮೊದಲ ಸಲ ಚನ್ನಗಿರಿ ಸಂತೆಯಲ್ಲಿ ಮೂಟೆ ಇಟ್ಟುಕೊಂಡು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಪಕ್ಕದಲ್ಲಿ ಮುತ್ತು ಬಾಳೆಹಣ್ಣು ಮಾರುತ್ತಿದ್ದ. "ಏನ್ರೀ, ಈರುಳ್ಳಿ ಮಾರಾಕೆ ಬಂದೀರೋ, ಕಾವಲು ಕಾಯಾಕೆ ಬಂದೀರೋ?" ಅಂದವನೇ ನನ್ನ ಮೂಟೆಯ ಮುಂದೆ ನಿಂತು ತಾನೇ ಕೂಗಿದ. ಸಂಜೆಯೊಳಗೆ ಮೂಟೆ ಖಾಲಿ. ಅವತ್ತಿನಿಂದ ಈರುಳ್ಳಿ ನನ್ನದು, ಬಾಯಿ ಅವನದು. ಜತೆಗಿದ್ದಾಗ ತಾನೇ ಕೂಗುತ್ತಿದ್ದ, ರೆಕಾರ್ಡ್ ಇದ್ದದ್ದು ಅವನು ಬರದ ದಿನಗಳಿಗೆ, ನಿಮ್ಮ ಬೀದಿಯಲ್ಲಿ ಅದು ಮೊದಲು ಬೇಕಾಗಿರಲೇ ಇಲ್ಲ. ಇಬ್ಬರೂ ಚನ್ನಗಿರಿಯಲ್ಲಿ ಒಂದೇ ರೂಮಿನಲ್ಲಿ ಇದ್ದೆವು.

ಹೊನ್ನಾಳಿ ಒಳಗೆ ಇನ್ನು ಮೈಕ್ ಹಾಕುವುದಿಲ್ಲ. ಬೆಲ್ ಹೊಡೆದುಕೊಂಡು ಹೋಗುತ್ತೇನೆ. ಆದರೆ ರೆಕಾರ್ಡ್ ಅಳಿಸು ಅನ್ನಬೇಡಿ. ಭಾನುವಾರ ಸವಳಂಗದಲ್ಲಿ ಅದನ್ನು ಹಾಕಲೇಬೇಕು. ಯಾಕೆ ಎಂದು ಕೇಳಬೇಡಿ, ಒಬ್ಬರಿಗೆ ಮಾತು ಕೊಟ್ಟಿದ್ದೇನೆ.

ನಿಮ್ಮ ತಮ್ಮನಂಥವನು,
ಓಬಣ್ಣ


ಹೊನ್ನಾಳಿ
4-7-2024

ಓಬಣ್ಣನವರಿಗೆ,

ಮೊದಲನೆಯದಾಗಿ, ನನ್ನನ್ನು ಅಕ್ಕ ಅನ್ನಬೇಡಿ. ಸುನೀತಾ ಅನ್ನಿ, ಮೇಡಂ ಅನ್ನಿ, ಏನಾದರೂ ಅನ್ನಿ. ಆ ಮಾತು ಬೇಡ.

ಸವಳಂಗ ನನ್ನ ತವರು. ನನ್ನ ತಮ್ಮ ಹುಟ್ಟಿ ಬೆಳೆದ ಊರು. ಅಲ್ಲಿ ಯಾವ ಅಂಗಡಿಯವನಿಗೆ ಮಾತು ಕೊಟ್ಟಿದ್ದೀರಿ? ಸತ್ತವನ ಧ್ವನಿಗೂ ಗಿರಾಕಿ ಇದ್ದಾರೆ ಎಂದಾಯಿತು. ಕೂಗಲಿಕ್ಕೆ ಬರುವುದಿಲ್ಲವಂತೆ. ಬರದಿದ್ದರೆ ಕಲಿಯಿರಿ! ನಮ್ಮಮ್ಮ ಅದೇ ಊರಿನಲ್ಲಿ ಒಬ್ಬಳೇ ಇದ್ದಾಳೆ. ಅವಳ ಕಿವಿಗೆ ಬಿದ್ದರೆ ಏನಾಗುತ್ತದೆ ಎಂದು ಒಂದು ಸಲವಾದರೂ ಯೋಚಿಸಿದಿರಾ? ನಿಮ್ಮ ಮನೆಯಲ್ಲಿ ಹಿಂಗೆ ಆಗಿದ್ದರೆ ನಿಮಗೆ ತಿಳಿಯುತ್ತಿತ್ತು.

ಇರಲಿ. ಒಂದು ವಿಷಯ ಕೇಳಬೇಕಿತ್ತು. ಅದರಲ್ಲಿ ಅವನು, "ಕೂಗಿ ಕೂಗಿ ಗಂಟ್ಲು ಬಿತ್ತು, ನಿಮಗೆ ಕೇಳಿಸ್ಲೇ ಇಲ್ವಾ ಅಕ್ಕಾ? ಬಾಗ್ಲು ತೆಗೀರಿ ಅಕ್ಕಾ! ಹೊಂಟೋದ್ರೆ ಆಮೇಲೆ ಕೂಗಿದ್ರೂ ತಿರುಗಲ್ಲ" ಅನ್ನುತ್ತಾನಲ್ಲ. ಅದನ್ನು ರೆಕಾರ್ಡ್ ಮಾಡಿದ್ದು ಯಾವಾಗ? ಆ ಕೊನೆಯ ವಾರವಾ? ಸುಮ್ಮನೆ ಕೇಳಿದೆ.

ಸುನೀತಾ


ಸೊಕ್ಕೆ
17-7-2024

ಸುನೀತಾ ಮೇಡಂ ಅವರಿಗೆ ನಮಸ್ಕಾರಗಳು.

ನೀವು ಬೈದದ್ದರಲ್ಲಿ ನನಗೆ ಬೇಜಾರಿಲ್ಲ. ಅವ್ವ ದುರುಗಕ್ಕನಿಗೆ ಕಾಗದ ಓದಿ ಹೇಳಿದೆ. "ಸಂಕ್ಟ ಇರೋರು ಬೈತಾರೆ, ಬೈಸ್ಕಾ" ಅಂದಳು.

ಮಾತು ಕೊಟ್ಟದ್ದು ಅಂಗಡಿಯವನಿಗಲ್ಲ, ನಿಮ್ಮ ತಾಯಿ ಅಜ್ಜಮ್ಮನವರಿಗೆ. ಹೇಳಬಾರದು ಎಂದಿದ್ದರು, ನೀವು ಹಾಗೆ ಬರೆದ ಮೇಲೆ ಮುಚ್ಚಿಡಲಿಕ್ಕೆ ಆಗುತ್ತಿಲ್ಲ. ಅವನು ಹೋದ ಮೇಲೆ ಮೊದಲ ಸಲ ಸವಳಂಗಕ್ಕೆ ಹೋದಾಗ ನಾನು ಮೈಕ್ ಹಾಕಿರಲಿಲ್ಲ. ಅವರೇ ಗಾಡಿ ಹತ್ತಿರ ಬಂದು, "ಯಾಕಪ್ಪಾ, ನನ್ ಮಗನ ಬಾಯಿ ಮುಚ್ಸಿದೀಯ? ಹಾಕು" ಅಂದರು. ಈಗ ಪ್ರತಿ ಭಾನುವಾರ ಜಗಲಿಯ ಮೇಲೆ ಕಾಯುತ್ತಾ ಕೂತಿರುತ್ತಾರೆ. ಕೇಳಿ, ನನಗೊಂದು ಲೋಟ ಮಜ್ಜಿಗೆ ಕೊಟ್ಟು, ಎದ್ದು ಒಳಗೆ ಹೋಗುತ್ತಾರೆ. "ಸುನಿತಂಗೆ ಹೇಳ್ಬ್ಯಾಡ, ಅವಳು ತಡ್ಕಳಲ್ಲ" ಅಂದಿದ್ದಾರೆ.

ಇನ್ನು ನೀವು ಕೇಳಿದ್ದು. ಹೌದು, ಆ ಕೊನೆಯ ವಾರವೇ ಮಾಡಿದ್ದು. ಮಾಡುವಾಗ ನಿಮ್ಮನ್ನೇ ನೆನೆಸಿಕೊಂಡಿದ್ದ. "ನಮ್ಮಕ್ಕ ಬಾಗ್ಲು ಹಾಕ್ಕೊಂಡು ಮಿಷನ್ ತುಳೀತಿರ್ತಾಳೆ ಕಣೋ, ಅವಳಿಗೂ ಕೇಳಿಸ್ಲಿ" ಅಂದ. ನಿಮ್ಮ ಮೇಲೆ ಅವನಿಗೆ ಅಷ್ಟು ಪ್ರೀತಿ ಇತ್ತು. ಇದನ್ನು ತಿಳಿದು ನಿಮಗೆ ಸ್ವಲ್ಪವಾದರೂ ಸಮಾಧಾನ ಆಗುತ್ತದೆ ಎಂದು ನಂಬಿದ್ದೇನೆ.

ಓಬಣ್ಣ


ಸೊಕ್ಕೆ
22-8-2024

ಸುನೀತಾ ಮೇಡಂ ಅವರಿಗೆ,

ಒಂದು ತಿಂಗಳ ಮೇಲಾಯಿತು, ನಿಮ್ಮ ಉತ್ತರ ಬರಲಿಲ್ಲ. ಬೈದಾದರೂ ಬರೆಯುತ್ತೀರಿ ಎಂದುಕೊಂಡಿದ್ದೆ. ಹೋದ ಗುರುವಾರ ಹೊನ್ನಾಳಿಯಲ್ಲಿ ನಿಮ್ಮ ಬೀದಿಗೆ ಹೋದೆ. ಮೈಕ್ ಹಾಕಿರಲಿಲ್ಲ, ಆಣೆ. ಟೈಲರಿಂಗ್ ಅಂಗಡಿಯ ಬಾಗಿಲಿಗೆ ಬೀಗ. ಗಾಜಿನೊಳಗೆ ಮಿಷನ್ನಿನ ಮೇಲೆ ಬೆಡ್‌ಶೀಟ್ ಹೊದೆಸಿತ್ತು. ಎದುರು ಮನೆಯವರನ್ನು ಕೇಳಿದರೆ, "ಅವ್ರಿಗೆ ಹುಷಾರಿಲ್ಲ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿದ್ರು" ಅಂದರು. ಏನು ಹುಷಾರಿಲ್ಲ ಎಂದರೆ ಬಾಗಿಲು ಹಾಕಿಕೊಂಡರು.

ನಾನೇನಾದರೂ ತಪ್ಪು ಬರೆದೆನಾ? ಬರೆದದ್ದನ್ನೆಲ್ಲ ನೆನೆಸಿಕೊಂಡು ನೋಡಿದೆ, ಎಲ್ಲಿ ಎಂದು ತಿಳಿಯುತ್ತಿಲ್ಲ. ಭಾನುವಾರ ಅಜ್ಜಮ್ಮನವರನ್ನು ಕೇಳಿದೆ. "ಅದಾಳೆ, ಅದಾಳೆ" ಅಂದರು, ಅಷ್ಟೇ. ಮುಖ ಕೊಟ್ಟು ಮಾತಾಡಲಿಲ್ಲ.

ನನ್ನದೂ ಅಷ್ಟಕ್ಕಷ್ಟೇ. ಚನ್ನಗಿರಿಯ ರೂಮಿಗೆ ಹೋದರೆ ಅವನ ಚಾಪೆ ಸುತ್ತಿಟ್ಟದ್ದು ಕಾಣುತ್ತದೆ, ಗಾಡಿಯಲ್ಲೇ ಮಲಗುತ್ತೇನೆ. ಜನ ತೂಕ ಹಾಕಿಸಿಕೊಳ್ಳುತ್ತಾ, "ಜತೆಗೇ ಇದ್ರಲ್ಲ, ನಿಮಗೆ ಏನೂ ಗೊತ್ತಾಗ್ಲಿಲ್ವಾ?" ಎಂದು ಕೇಳುತ್ತಾರೆ. ತಕ್ಕಡಿ ನೋಡುತ್ತಾ ಇಲ್ಲ ಅನ್ನುತ್ತೇನೆ. ಅವರು ನಂಬುವುದಿಲ್ಲ. ಒಂದೊಂದು ಸಲ ನನಗೇ ನಂಬಿಕೆ ಬರುವುದಿಲ್ಲ.

ಓಬಣ್ಣ


ಸೊಕ್ಕೆ
6-10-2024

ಸುನೀತಾ ಮೇಡಂ ಅವರಿಗೆ,

ಈರುಳ್ಳಿ ಕಿತ್ತು ಆಯಿತು. ಈ ಸಲ ಗಡ್ಡೆ ಚೆನ್ನಾಗಿ ಕಟ್ಟಿದೆ. ನಿಮಗೆ ಇದೆಲ್ಲ ಯಾಕೆ ಬೇಕು, ಬರೆಯಲಿಕ್ಕೆ ಬೇರೆ ಏನೂ ತೋಚುತ್ತಿಲ್ಲ.

ನನಗೆ ಯಾವ ಉತ್ತರವೂ ಬೇಡ. ರೆಕಾರ್ಡ್ ಅಳಿಸು ಅಂದರೆ ಅಳಿಸುತ್ತೇನೆ, ಅಜ್ಜಮ್ಮನವರ ಕಾಲು ಹಿಡಿದು ಒಪ್ಪಿಸುತ್ತೇನೆ. ಒಬ್ಬನನ್ನು ಕಳೆದುಕೊಂಡವನು ನಾನು, ಮೇಡಂ. ಇನ್ನೊಂದು ಸುದ್ದಿ ಕೇಳುವ ಶಕ್ತಿ ನನಗಿಲ್ಲ. ಒಂದೇ ಒಂದು ಮಾತು ಬರೆದು ಹಾಕಿ. ಇದ್ದೀನಿ ಎಂದು ಬರೆಯಿರಿ, ಸಾಕು.

ಓಬಣ್ಣ


ಸವಳಂಗ
19-10-2024

ಇದ್ದೀನಿ.

ಸುನೀತಾ


ಸವಳಂಗ
9-12-2024

ಓಬಣ್ಣನಿಗೆ,

ಇನ್ನು ನೀವು ತಾವು ಬೇಡ. ಹೆಸರಿನಲ್ಲಿ ಅಣ್ಣ ಇದ್ದರೂ ನೀನು ನನಗಿಂತ ಚಿಕ್ಕವನು. ಹೋದ ಕಾಗದದಲ್ಲಿ ಸವಳಂಗ ಎಂದು ನೋಡಿದ ಮೇಲೂ ನೀನು ಅಮ್ಮನನ್ನು ಏನೂ ಕೇಳಲಿಲ್ಲ, ಮೈಕಿನ ಸೌಂಡ್ ಮಾತ್ರ ಕಡಿಮೆ ಮಾಡಿದೆ. ಅದು ಗೊತ್ತಾಯಿತು. ನೀನು ಜಗಲಿಯಲ್ಲಿ ಮಜ್ಜಿಗೆ ಕುಡಿಯುವಾಗ ನಾನು ಒಳಗೆ ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿರುತ್ತಿದ್ದೆ.

ನೀನು ಜುಲೈನಲ್ಲಿ ಬರೆದದ್ದು ನನಗೆ ಸಮಾಧಾನ ಕೊಡಲಿಲ್ಲ. ನನ್ನನ್ನು ಮುಗಿಸಿಬಿಟ್ಟಿತ್ತು. ಅವನು ಹೋಗುವ ಮುಂಚಿನ ಗುರುವಾರ ನಿಮ್ಮ ಗಾಡಿ ನಮ್ಮ ಬೀದಿಗೆ ಬಂದಿತ್ತು. ಮದುವೆ ಮನೆಯ ಕುಪ್ಪಸಗಳು ರಾಶಿ ಬಿದ್ದಿದ್ದವು, ಗಲಾಟೆ ಎಂದು ನಾನೇ ಎದ್ದು ಬಾಗಿಲು ಹಾಕಿದೆ. ಮುಂದಿನ ವಾರ ಬರುತ್ತಾನಲ್ಲ, ಆವಾಗ ಮಾತಾಡಿದರಾಯಿತು ಅಂದುಕೊಂಡೆ. ಆಮೇಲೆ ಆ ಧ್ವನಿ ಬಾಗಿಲು ತೆಗೀರಿ ಅಕ್ಕಾ ಅನ್ನುವುದು ಕೇಳಿದಾಗಿನಿಂದ, ನನ್ನನ್ನೇ ಕೂಗಿದ್ದನಾ ಎಂದು ತಲೆ ಕೊರೆಯುತ್ತಿತ್ತು. ಮಕ್ಕಳು ಹೆದರುತ್ತವೆ ಎಂದು ಬರೆದಿದ್ದೆನಲ್ಲ, ಹೆದರುತ್ತಿದ್ದವಳು ನಾನು. ಅಲ್ಲ, ಅದು ಸುಮ್ಮನೆ ವ್ಯಾಪಾರದ ಮಾತು ಎಂದು ನೀನು ಬರೆಯುತ್ತೀಯ ಅಂದುಕೊಂಡು ಕಾಯುತ್ತಿದ್ದೆ. ನೀನು ಹೌದು, ನಿಮ್ಮನ್ನೇ ಎಂದು ಬರೆದೆ.

ಊಟ ಸೇರಲಿಲ್ಲ, ಮಾತು ನಿಂತಿತು. ಯಾರ ಬಾಗಿಲು ಸದ್ದಾದರೂ ಎದ್ದು ಹೋಗಿ ನಮ್ಮ ಬಾಗಿಲು ತೆಗೆಯುತ್ತಿದ್ದೆ. ನಮ್ಮ ಮನೆಯವರು, ಸತೀಶ್ ಕುಮಾರ್, ಮೊದಲು ದೇವರು ಕೇಳಿಸೋಣ ಅಂದವರು, ಆಮೇಲೆ ಯಾರ ಮಾತೂ ಕೇಳದೆ ಶಿವಮೊಗ್ಗದಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಹಾಗೆ ಮಾಡಿದ್ದಕ್ಕೆ ನಾನು ಈಗ ಕೂತು ಬರೆಯುತ್ತಿದ್ದೇನೆ. ಮಾತ್ರೆ ಕೊಟ್ಟರು. ಅಲ್ಲಿ ಒಬ್ಬಳು ಕೌನ್ಸೆಲರ್ ಹುಡುಗಿ, ನನ್ನ ಹತ್ತಿರ ಬ್ಲೌಸ್ ಹೊಲಿಸಲಿಕ್ಕೆ ಬರುವ ಕಾಲೇಜು ಹುಡುಗಿಯರ ವಯಸ್ಸು. ಇವಳಿಗೇನು ಗೊತ್ತು ಎಂದು ಸುಮ್ಮನೆ ಕೂತಿದ್ದೆ. ಮೂರನೇ ಸಲ ಹೋದಾಗ ಅತ್ತೆ. "ಯಾಕೆ ಅನ್ನೋ ಪ್ರಶ್ನೆನ ಮನೆಯಿಂದ ಓಡಿಸಾಕೆ ಆಗಲ್ಲ ಅಕ್ಕಾ. ಅದನ್ನ ಪಕ್ಕದಾಗೆ ಕೂರಿಸ್ಕೊಂಡು ನೀವು ಊಟ ಮಾಡ್ರಿ" ಅಂದಳು. ದಿನಕ್ಕೊಂದು ಹೊತ್ತು ಬೇರೆ ಯಾರಿಗೂ ಅಲ್ಲ, ನನಗೇ ಇಷ್ಟವಾದದ್ದು ಏನಾದರೂ ಮಾಡಬೇಕಂತೆ. ಏನಿಷ್ಟ ಎಂದು ಕೇಳಿದಳು. ಓಬಣ್ಣ, ನನ್ನದೊಂದನ್ನು ಬಿಟ್ಟು, ಗಂಡನಿಗೆ ಏನಿಷ್ಟ, ಮಕ್ಕಳಿಗೆ ಏನಿಷ್ಟ, ಮುತ್ತುವಿಗೆ ಏನಿಷ್ಟ, ಎಲ್ಲ ಪಟಪಟ ಹೇಳಿದೆ.

ಅಮ್ಮ ಇಲ್ಲಿಗೆ ಕರೆತಂದಳು. "ಚಿಕ್ಕೋಳಿದ್ದಾಗ ನಿಂಗೆ ಮಂಡಕ್ಕಿ ಬೆಲ್ಲ ಅಂದ್ರೆ ಪ್ರಾಣ" ಎಂದು ಕಲಸಿ ಕೊಟ್ಟಳು. ಬಾಯಿಗಿಟ್ಟರೆ ಇಷ್ಟವಾಗಲಿಲ್ಲ. ಟಿ.ವಿ. ಹಾಕಿದೆ, ಅದೂ ಇಷ್ಟವಾಗಲಿಲ್ಲ. ಒಂದು ದಿನ ಬೆಳಿಗ್ಗೆ ಕೆರೆ ಏರಿಯ ಮೇಲೆ ಸುಮ್ಮನೆ ನಡೆದೆ. ಯಾರಿಗೋ ಬುತ್ತಿ ಕೊಡಬೇಕು, ಯಾರನ್ನೋ ಕರೆಯಬೇಕು ಎಂದೇನೂ ಇರಲಿಲ್ಲ. ಈ ಕಾಲು ನನ್ನವು ಎಂದು ಆವತ್ತು ಅನ್ನಿಸಿತು. ಈಗ ದಿನಾ ಹೋಗುತ್ತೇನೆ. ಕೆಲವು ದಿನ ಅರ್ಧಕ್ಕೇ ಅಳು ಬಂದು ವಾಪಸ್ ಬರುತ್ತೇನೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದಿದ್ದಾಳೆ ಆ ಹುಡುಗಿ.

ನಿನ್ನೆ ಭಾನುವಾರ ನೀನು ಬಂದಾಗ ಕಿವಿ ಮುಚ್ಚಿಕೊಳ್ಳಲಿಲ್ಲ. ಕಿಟಕಿಯ ಕೆಳಗೆ ಗೋಡೆಗೆ ಒರಗಿ ಪೂರ್ತಿ ಕೇಳಿದೆ. ಇಷ್ಟು ದಿನ ಕೂಗಿದ್ರೂ ತಿರುಗಲ್ಲ ಅನ್ನುವಷ್ಟರಲ್ಲೇ ಕಿವಿ ಮುಚ್ಚಿಕೊಂಡು, ಮುಂದಿನದು ಕೇಳಿಸುತ್ತಲೇ ಇರಲಿಲ್ಲ. ಅದು ಮುಗಿದ ಮೇಲೆ, "ಅಮ್ಮಾ, ಅತ್ತೇ, ಅಜ್ಜೀ, ಹೊಸಾ ಮದುವಣಗಿತ್ತೀ, ಎಲ್ಲಾರೂ ಬರ್ರಿ! ಈಗ ನಗ್ತಾ ತಗೊಳ್ರಿ, ಹೆಚ್ಚುವಾಗ ಅಳೋದು ಇದ್ದಿದ್ದೇ!" ಅನ್ನುತ್ತಾನಲ್ಲೋ! ಅದರ ಹಿಂದೆಯೇ ಕೊಕ್ಕೋ ಎಂದು ಹುಂಜ. ಆಮೇಲೆ ಅವನ ನಗು.

ಅಮ್ಮ ಮಡಿಲಲ್ಲಿ ಈರುಳ್ಳಿ ತುಂಬಿಕೊಂಡು ಒಳಗೆ ಬಂದಳು. ಇದನ್ನು ಕೊನೆಯ ವಾರ ಮಾಡಿದ್ದಂತೆ, ಅಲ್ಲವಾ ಎಂದು ಕೇಳಿದೆ. "ಯಾವನೇ ಹೇಳಿದ್ದು? ಎರಡು ವರ್ಷ ಆತು. ಇದೇ ಜಗಲಿ ಮ್ಯಾಲೆ ಕುಂತು ಮಾಡಿದ್ದು. ನಮ್ ಹುಂಜ ಕೂಗಿ ಹಾಳು ಮಾಡ್ತು ಅಂತ ಬೈದ, ಆಮೇಲೆ ಇರ್ಲಿ ಬಿಡು ಅಂದ. ಆ ಹುಂಜನ್ನ ಹೋದ ವರ್ಷನೇ ಯುಗಾದಿ ಮಾರನೇ ದಿನ ನಿನ್ ಗಂಡನೇ ತಿಂದಿದ್ದು" ಅಂದಳು. ಥೂ, ನಿನಗೆ ಸುಳ್ಳು ಹೇಳಲಿಕ್ಕೂ ಬರುವುದಿಲ್ಲವಲ್ಲೋ! ಸಿಟ್ಟು ಬಂತು, ಅದರ ಜತೆಗೇ ನಗು ಬಂತು. ಅವನು ಹೋದ ಮೇಲೆ ಮೊದಲ ಸಲ ನಕ್ಕೆ. ನಕ್ಕದ್ದಕ್ಕೆ ನಾಚಿಕೆಯಾಗಿ ಬಾಯಿಗೆ ಸೆರಗು ತುರುಕಿಕೊಂಡೆ. ಅಮ್ಮ ಸೆರಗು ಕಿತ್ತಳು. "ನಗೇ ಮಾರಾಯ್ತೀ, ನಿನ್ನ ನೋಡಿ ನಾನೂ ಒಂದೀಟು ನಗ್ತೀನಿ" ಅಂದಳು. ನೀನು ಹೇಳಿದ ಸುಳ್ಳನ್ನು ಅವಳಿಗೆ ಹೇಳಿಲ್ಲ. ಹೇಳಿದರೆ ನಿನ್ನ ಮಜ್ಜಿಗೆ ನಿಲ್ಲುತ್ತದೆ.

ಅವನು ಕೂಗಿದ್ದು ಬೀದಿಯ ಹೆಂಗಸರನ್ನೆಲ್ಲ. ಅದರಿಂದ ಎದೆ ಹಗುರಾಯಿತು. ನನಗೆಂದು ಒಂದು ಮಾತನ್ನೂ ಬಿಟ್ಟು ಹೋಗಲಿಲ್ಲ ಎಂದು ಹೊಟ್ಟೆ ಉರಿಯುತ್ತಲೂ ಇದೆ. ಎರಡೂ ನಿಜವೇ.

ಆದರೆ ಆ ಗುರುವಾರ ಅವನು ಗಾಡಿಯಲ್ಲಿ ಇದ್ದದ್ದಂತೂ ಸುಳ್ಳಲ್ಲ. ನಾನು ಬಾಗಿಲು ಹಾಕಿದ್ದನ್ನು ನೋಡಿದನಾ? ಏನಂದ? ನನ್ನ ಮೇಲೆ ಕರುಣೆ ತೋರಿಸಬೇಡ, ಇದ್ದದ್ದು ಇದ್ದ ಹಾಗೆ ಬರೆ.

ಸುನೀತಾ


ಸೊಕ್ಕೆ
5-1-2025

ಅಕ್ಕನವರಿಗೆ,

ಮತ್ತೆ ಅಕ್ಕ ಎಂದೆ. ಬೇಡ ಅಂದರೆ ಮುಂದಿನ ಸಲ ಬಿಡುತ್ತೇನೆ.

ನಾನು ಬರೆದ ಸುಳ್ಳು ನಿಮ್ಮನ್ನು ಅಲ್ಲಿಗೆ ಒಯ್ದಿತು ಎಂದು ಓದಿ ಕಾಗದ ಕೆಳಗಿಟ್ಟು ಎದ್ದು ಹೋದೆ. ಹಸುವಿಗೆ ನೀರು ಕುಡಿಸಿ ಬಂದು ಮತ್ತೆ ಓದಿದೆ. ನಿಮ್ಮನ್ನು ನೆನೆಸಿಕೊಂಡಿದ್ದ ಅಂದರೆ ನಿಮಗೆ ಖುಷಿಯಾಗುತ್ತದೆ ಎಂದುಕೊಂಡೆ, ಅಷ್ಟೇ ನನ್ನ ಬುದ್ಧಿ. ನನ್ನ ಹತ್ತಿರ ಯಾರಾದರೂ ಅಂಥ ಸುಳ್ಳು ಹೇಳಲಿ ಎಂದು ನಾನೇ ಕಾಯುತ್ತಿದ್ದೆನೋ ಏನೋ.

ಆ ಗುರುವಾರ. ಅವನು ಇದ್ದ. ನಾನು ಗಾಡಿ ಓಡಿಸುತ್ತಿದ್ದೆ, ಅವನು ಪಕ್ಕದಲ್ಲಿ. ನಿಮ್ಮ ಬಾಗಿಲು ಹಾಕಿದ್ದನ್ನು ನೋಡಿದ. ಇಳಿದು ತಟ್ಟು ಅಂದೆ. "ಅಕ್ಕ ಕೆಲ್ಸದಾಗೆ ಅದಾಳೆ, ಬಿಡು" ಅಂದ. ಸಿಟ್ಟಿರಲಿಲ್ಲ, ಬೇಸರವೂ ಕಾಣಲಿಲ್ಲ. ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ಮಿರ್ಚಿ ಮಂಡಕ್ಕಿ ತಿಂದೆವು. ನನ್ನ ಮೀಸೆಗೆ ಹತ್ತಿದ ಹಿಟ್ಟು ನೋಡಿ ನಕ್ಕ. ನಾನೂ ನಕ್ಕೆ. ಅವನು ನನ್ನ ಭುಜಕ್ಕೆ ಭುಜ ತಾಗಿಸಿ ಕೂತಿದ್ದ, ಅಕ್ಕಾ. ನೀವು ಬಾಗಿಲ ಒಳಗೆ ಇದ್ದಿರಿ, ನಿಮಗೆ ತಿಳಿಯಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ನನಗೂ ತಿಳಿಯಲಿಲ್ಲ. ಅವನ ಒಳಗೆ ಅಷ್ಟು ನೋವಿತ್ತು ಎಂದು ಗೊತ್ತಿದ್ದರೆ ಆ ನಗುವನ್ನು ನಂಬುತ್ತಿರಲಿಲ್ಲ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಇಷ್ಟನ್ನು ಹೇಳಲಿಕ್ಕೆ ಹೆದರಿಯೇ ನಿಮ್ಮ ಫೋನ್ ಕಟ್ ಮಾಡುತ್ತಿದ್ದೆನೇನೋ.

ನೀವು ಆ ಹುಡುಗಿಯ ಮಾತು ಬರೆದದ್ದನ್ನು ಅವ್ವನಿಗೆ ಓದಿದೆ. ಅವಳು ಅಷ್ಟಕ್ಕೇ ಬಿಡಲಿಲ್ಲ. "ನೀನೂ ಗಾಡಿಯಾಗೆ ಮಲಗೋದು ಸಾಕು, ನಡಿ" ಎಂದು ಜಗಳೂರು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಬಹಳ ಹೊತ್ತು ಕೇಳಿಸಿಕೊಂಡರು. ನನಗೆ ಮಾತು ಬರುವುದಿಲ್ಲ ಎಂದು ಹೇಳಿದೆ. "ಅರ್ಧ ಗಂಟೆಯಿಂದ ಮತ್ತೆ ಮಾತಾಡ್ತಿರೋರು ಯಾರು?" ಅಂದರು. ಹೋದ ವಾರ ರೂಮಿನಲ್ಲಿ ಅವನ ಚಾಪೆ ಬಿಚ್ಚಿ ಬಿಸಿಲಿಗೆ ಹಾಕಿದೆ.

ಓಬಣ್ಣ


ಹೊನ್ನಾಳಿ
10-2-2025

ಓಬಣ್ಣನಿಗೆ,

ಅಕ್ಕ ಎಂದೇ ಅನ್ನು. ಅದೇನು ನನ್ನೊಬ್ಬಳ ಆಸ್ತಿಯಾ?

ನೀನು ಬರೆದದ್ದನ್ನು ಓದಿ ಅತ್ತೆ. ಈ ಸಲದ ಅಳು ಬೇರೆ ಥರ ಇತ್ತು, ಅತ್ತ ಮೇಲೆ ಹಸಿವಾಯಿತು. ಬಾಗಿಲು ತೆಗೆದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಬಂದು ಕಾಫಿ ಕುಡಿದು, ನಕ್ಕು ಹೋಗುತ್ತಿದ್ದ ಅನಿಸುತ್ತದೆ, ನಿನ್ನ ಜತೆ ನಕ್ಕ ಹಾಗೆ. ಹಾಗಲ್ಲದೆಯೂ ಇರಬಹುದು. ನಾವಿಬ್ಬರೂ ಪ್ರೀತಿಯಲ್ಲಿ ಕಡಿಮೆ ಮಾಡಲಿಲ್ಲ, ನಮಗೆ ತಿಳಿಯಲಿಲ್ಲ. ಇದನ್ನು ನಿನಗೆ ಬರೆಯುವಾಗ ನಂಬುತ್ತೇನೆ, ಪೆನ್ನು ಕೆಳಗಿಟ್ಟರೆ ನಂಬಿಕೆ ಅಲ್ಲಾಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಸಂಕ್ರಾಂತಿ ಮುಗಿಸಿ ಹೊನ್ನಾಳಿಗೆ ಬಂದೆ. ಅಂಗಡಿ ತೆಗೆದಿದ್ದೇನೆ. ಬೆಳಿಗ್ಗೆ ಹೊಳೆಯ ಕಡೆ ನಡೆದು ಬರುತ್ತೇನೆ, ಆ ಹೊತ್ತಿನಲ್ಲಿ ಯಾರು ತಿಂಡಿ ಕೇಳಿದರೂ ಸಿಗುವುದಿಲ್ಲ. ಇವರು ಉಪ್ಪಿಟ್ಟು ಮಾಡುವುದನ್ನು ಕಲಿತಿದ್ದಾರೆ, ಉಪ್ಪು ಮಾತ್ರ ಇನ್ನೂ ಕಲಿತಿಲ್ಲ.

ರೆಕಾರ್ಡ್ ಅಳಿಸಬೇಡ. ಗುರುವಾರ ನಮ್ಮ ಬೀದಿಗೆ ಬಾ. ಬೆಲ್ ಬೇಡ, ಮೈಕ್ ಹಾಕಿಕೊಂಡೇ ಬಾ. ನಾನು ಹೊರಗೆ ಬರುತ್ತೇನೋ ಇಲ್ಲವೋ ಗೊತ್ತಿಲ್ಲ. ಬರದಿದ್ದರೆ ಅದರ ಮುಂದಿನ ಗುರುವಾರ ಬಾ.

ಸುನೀತಾ


ಹೊನ್ನಾಳಿ
7-3-2025

ಓಬಣ್ಣನಿಗೆ,

ಮೂರು ಗುರುವಾರ ನಿನ್ನನ್ನು ಸುಮ್ಮನೆ ಅಲೆಸಿದೆ. ಒಂದು ಸಲ ಹೊಸ್ತಿಲ ತನಕ ಬಂದು ವಾಪಸ್ ಹೋದೆ, ಇನ್ನೊಂದು ಸಲ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ನಿಂತೆ. ನೀನು ಒಂದು ದಿನವೂ ಬಾಗಿಲ ಕಡೆ ಕತ್ತು ಹಾಕಿ ನೋಡಲಿಲ್ಲ.

ನಿನ್ನೆ ಬಂದೆನಲ್ಲ. ನೀನು ತೂಕ ಹಾಕುವುದರಲ್ಲಿ ಮುಳುಗಿದ್ದೆ. ನನ್ನನ್ನು ನೋಡಿ ತಲೆ ಬಗ್ಗಿಸಿದೆ, ತಕ್ಕಡಿಯಿಂದ ಎರಡು ಗಡ್ಡೆ ಉರುಳಿದವು. ಆದರೆ ಆಮೇಲೆ ನಡೆದ ಮಾತು ಮೈಕಿನ ಸದ್ದಿನಲ್ಲಿ ನಿನಗೆ ಕೇಳಿಸಿರಲಿಕ್ಕಿಲ್ಲ, ಅದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ.

ಮೂಲೆ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು, ವಾಣಿಶ್ರೀ ಅಂತ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದರು. ಮೈಕ್ ಕೇಳಿ ಮಗು ಕೈ ತಟ್ಟುತ್ತಿತ್ತು. "ಎಷ್ಟು ಚೆಂದ ಕೂಗ್ತಾರಲ್ರೀ! ಯಾರು ಇವ್ರು, ಈ ಗಾಡಿಯೋರ ಧ್ವನಿ ಹಂಗೆ ಕಾಣಲ್ಲ" ಎಂದು ನನ್ನನ್ನೇ ಕೇಳಿದರು. ಎದುರು ಮನೆಯವರು ಬೇಡ ಬೇಡ ಎಂದು ಅವರಿಗೆ ಕಣ್ಸನ್ನೆ ಮಾಡಿದರು. ಬೀದಿಯ ಹೆಂಗಸರೆಲ್ಲ ಮಾತು ನಿಲ್ಲಿಸಿ ಈರುಳ್ಳಿ ಆರಿಸತೊಡಗಿದರು. ಒಳಗೆ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ.

"ನನ್ನ ತಮ್ಮ. ಮುತ್ತುರಾಜ್ ಅಂತ. ಹೋದ ವರ್ಷ ಸತ್ತ. ತಾನೇ ಪ್ರಾಣ ಕಳ್ಕೊಂಡ. ಯಾಕೆ ಅಂತ ನಮಗ್ಯಾರಿಗೂ ಗೊತ್ತಿಲ್ಲ. ಭಾಳ ನಗಿಸ್ತಿದ್ದ" ಎಂದೆ. ಅವರು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ನನ್ನ ಕೈ ಹಿಡಿದುಕೊಂಡರು. ಹಿಡಿದೇ ಇದ್ದರು. ಆಮೇಲೆ ನಾನೇ, "ಎರಡು ಕೇಜಿ ಹಾಕ್ಸಿಕೊಳ್ರಿ, ಗಡ್ಡೆ ಚೆನ್ನಾಗಿ ಅದಾವೆ" ಎಂದೆ.

ನಿನ್ನ ಅಕ್ಕ,
ಸುನೀತಾ